ಅಮಾವಾಸ್ಯೆಗೆ ದೆವ್ವದ ಪಿಚ್ಚರ್ ಆರಿಸುತ್ತಿದ್ದ ನರ್ಸಬಾಯಿ

ನರ್ಸಬಾಯಿ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವಳು ಮಸ್ಕಿಯ ಬಸ್ ನಿಲ್ದಾಣದಲ್ಲಿ ಪೇರಲ ಹಣ್ಣು ಮಾರುವ ಹೆಂಗಸು. ನಮ್ಮಿಬ್ಬರನ್ನೂ ಬಹಳ ವರ್ಷಗಳಿಂದ ಬಲ್ಲವಳು. ನಾನು ಹಣ್ಣು ಆರಿಸುತ್ತಿದ್ದಾಗ, "ನಮ್ಮ ನರ್ಸಬಾಯಿ ಹೋದ್ರಲ್ರೀ ಅಕ್ಕೋರೆ, ಹದಿನೈದು ದಿನ ಆತು. ನಮ್ಮ ಮನ್ಯಾಗ ಆರು ಮಂದಿ ಅವರ ಕೈಯಾಗ ಹುಟ್ಟ್ಯಾರ" ಎಂದಳು. ಎಂದವಳು ಮತ್ತೆ ಹಣ್ಣು ತೂಗಲು ತಕ್ಕಡಿ ಎತ್ತಿದಳು. ನಾನು ಹಣ್ಣು ತೆಗೆದುಕೊಂಡು ಬಸ್ಸು ಹತ್ತಿದೆ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಸುತ್ತಿನಲ್ಲಿ ನಾವೆಲ್ಲ ಬರೀ 'ಬಾಯಿ' ಎನ್ನುತ್ತಿದ್ದ ಅವರ ಕೈಯಲ್ಲಿ ಹುಟ್ಟಿದವರು ಎಷ್ಟು ಮಂದಿ ಎಂದು ಲೆಕ್ಕ ಇಟ್ಟವರಿಲ್ಲ. ಅವರನ್ನು ನೆನೆಯುವವರೆಲ್ಲ ಆ ಕಾರಣಕ್ಕೇ ನೆನೆಯುತ್ತಾರೆ. ನನಗೆ ಮಾತ್ರ ಅವರು ನೆನಪಾಗುವುದು ಬೇರೆ ಕಾರಣಕ್ಕೆ. ನಿಜಾಮರ ಕಾಲದಲ್ಲಿ, ಲಿಂಗಸುಗೂರಿನಲ್ಲಿ, ಮಹಾನವಮಿ ಅಮಾವಾಸ್ಯೆಯ ದಿನ ಹೆಂಗಸರಿಗೆ ಯಾವ ದೆವ್ವದ ಪಿಚ್ಚರ್ ತೋರಿಸಬೇಕು ಎಂದು ಆರಿಸುತ್ತಿದ್ದವರು ಅವರು.

ನಾನು ಅಲ್ಲಿನ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೊಸದಾಗಿ ಬಂದಿದ್ದೆ. ತಾಯಿಯ ಜೊತೆ ಒಂದು ಬಾಡಿಗೆ ಮನೆಯಲ್ಲಿದ್ದೆ. ಪಕ್ಕದ ಒಂಟಿ ಕೋಣೆಯಲ್ಲಿ ಬಾಯಿ ಇದ್ದರು. ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ಕೆಲಸ. ಹುಟ್ಟಿದ್ದು ಸಂತೆಕಲ್ಲೂರಿನ ಹೊರಗಿನ ಕೇರಿಯಲ್ಲಿ. ಚಿಕ್ಕ ವಯಸ್ಸಿನಲ್ಲೇ ಗಂಡ ಸತ್ತ ಮೇಲೆ ಯಾರೋ ಪುಣ್ಯಾತ್ಮರು ರಾಯಚೂರಿಗೆ ಕಳಿಸಿ ಕೆಲಸ ಕಲಿಸಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ಗಟ್ಟಿ ಆಳು, ಅಗಲ ಅಂಗೈ, ಮೊಣಕೈವರೆಗೆ ಮಡಚಿದ ಕುಪ್ಪಸದ ತೋಳು. ಮಾತಿಗೆ ಮೊದಲು ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು, ಕೈ ಒದ್ದೆ ಇರಲಿ ಬಿಡಲಿ. ಮೊದಲ ವರ್ಷ ನನ್ನ ತಾಯಿ ಅವರಿಗೆಂದು ಕಟ್ಟೆಯ ಮೂಲೆಯಲ್ಲಿ ಬೇರೆ ಚರಿಗೆ ಇಟ್ಟಿದ್ದಳು. ಬಾಯಿ ಅದನ್ನು ನೋಡಿದರು, ಮನೆಗೆ ಹೋಗಿ ತಮ್ಮ ಚರಿಗೆಯಲ್ಲೇ ನೀರು ಕುಡಿದು ಬಂದು ಮಾತು ಮುಂದುವರಿಸಿದರು. ನನಗೆ ನಾಚಿಕೆಯಾಯಿತು. ಆದರೆ ತಾಯಿಗೆ ಎದುರಾಡುವ ಧೈರ್ಯ ಬರಲು ನನಗೆ ಇನ್ನೊಂದು ವರ್ಷ ಬೇಕಾಯಿತು; ಆಡಿದ ಮೇಲೂ ಚರಿಗೆ ಅಲ್ಲೇ ಇತ್ತು.

ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬಂದರೂ ಅವರು ಒಬ್ಬರೇ ಹೊರಡುತ್ತಿದ್ದರು. ಓಣಿಯ ಹೆಂಗಸರು ಕೇಳುತ್ತಿದ್ದರು: "ದಾರ್‍ಯಾಗ ದೆವ್ವ ಕಂಡಾವೇನ್ರೀ ಬಾಯಿ?"

"ನಾಯಿ ಕಂಡಾವು" ಎನ್ನುತ್ತಿದ್ದರು ಬಾಯಿ. "ಒಂದು ಕಡಿದೂ ಐತಿ."

ಆಗ ಮಳೆಗಾಲ ಮುಗಿಯುತ್ತಿದ್ದಂತೆ ರಾಯಚೂರಿನಿಂದ ಒಂದು ಸಿನೆಮಾ ತಂಬು ಬರುತ್ತಿತ್ತು. ಹಿಂದೆ ಸಿಪಾಯಿಗಳ ಪಲ್ಟನ್ ಇದ್ದ ಬಯಲಿನಲ್ಲಿ ಅದನ್ನು ಹೂಡುತ್ತಿದ್ದರು. ಕರೆಂಟು ಹುಟ್ಟಿಸುವ ಎಂಜಿನ್ನಿನ ಸದ್ದು ಊರಿನ ಆಚೆ ತುದಿಗೂ ಕೇಳುತ್ತಿತ್ತು. ಅದರ ಮಾಲೀಕರನ್ನು ನಾವೆಲ್ಲ ತಂಬು ಸಾಹೇಬರು ಎನ್ನುತ್ತಿದ್ದೆವು. ತೆಳ್ಳನೆಯ ಮನುಷ್ಯ, ಸದಾ ಅತ್ತರಿನ ವಾಸನೆ, ಮಾತಿನಲ್ಲಿ ಅರ್ಧ ಉರ್ದು ಅರ್ಧ ಕನ್ನಡ. ಒಂದು ವರ್ಷ ಕಾಲಿಗೆ ಮೊಳೆ ಚುಚ್ಚಿಸಿಕೊಂಡು ದವಾಖಾನೆಗೆ ಬಂದರು. ಬಾಯಿ ಪಟ್ಟಿ ಕಟ್ಟುತ್ತಿದ್ದಾಗ ತಮ್ಮ ಕಷ್ಟ ತೋಡಿಕೊಂಡರು.

"ಅಮಾಸಿ ದಿನ ತಂಬು ಖಾಲಿ ಬಾಯಿ. ಎಂಥಾ ಛಲೋ ಖೇಲ್ ಇಟ್ಟಿದ್ದೆ, ರಾಜಾ ಇದ್ದ, ರಾಣಿ ಇದ್ದಳು. ಮಂದಿ ಮನಿ ಬಿಟ್ಟು ಹೊರಗ ಬರವಲ್ರು."

"ಹೆಂಗ ಬರ್ತಾರ್ರೀ?" ಎಂದರು ಬಾಯಿ. "ಮಾನಮಿ ಅಮಾಸಿ. ಸತ್ತವರು ಮನಿಗೆ ಬರೋ ದಿನ ಅಂತ ಎಡಿ ಇಟ್ಟಿರ್ತಾರ. ಅಂಥಾ ದಿನ ರಾಜಾ ರಾಣಿ ಯಾರಿಗೆ ಬೇಕು? ಅಂಜಿಕಿ ಅಂತ ಮಂದಿ ಬರಂಗಿಲ್ಲ ಅಂದ್ರ ಅಂಜಿಕೀನ ತೋರಸ್ರಿ. ಅದೂ ಹೆಂಗಸರಿಗೆ."

ಸಾಹೇಬರು ನಕ್ಕು ಕುಂಟುತ್ತ ಹೋದರು. ಆದರೆ ಮರುವರ್ಷ ಅಮಾವಾಸ್ಯೆಗೆ ಎಂಟು ದಿನ ಮೊದಲೇ ನಮ್ಮ ಕಟ್ಟೆಯ ಮುಂದೆ ಬಂದು ನಿಂತರು. ಕೈಯಲ್ಲಿ ಮೂರು ಹಾಡಿನ ಪುಸ್ತಕಗಳಿದ್ದವು.

ಈ ಪುಸ್ತಕಗಳ ವಿಷಯ ಸ್ವಲ್ಪ ಹೇಳಬೇಕು. ಪಿಚ್ಚರಿನ ಜೊತೆ ಬರುತ್ತಿದ್ದ ತೆಳ್ಳನೆಯ ಪುಸ್ತಕ. ಮೊದಲ ಪುಟದಲ್ಲಿ ಕತೆ, ಆಮೇಲೆ ಹಾಡುಗಳು. ಕತೆ ಪೂರ್ತಿ ಇರುತ್ತಿರಲಿಲ್ಲ. ಗಂಟು ಬಿಗಿಯುವ ಜಾಗಕ್ಕೆ ತಂದು ನಿಲ್ಲಿಸಿ, ಮುಂದಿನದನ್ನು ತೆರೆಯ ಮೇಲೇ ನೋಡಿರಿ ಎಂದು ಬರೆದಿರುತ್ತಿದ್ದರು. ಎಲ್ಲ ಉರ್ದುವಿನಲ್ಲಿ. ಬಾಯಿಗೆ ಉರ್ದು ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಓದಿ ಹೇಳುವ ಕೆಲಸ ನನ್ನದಾಯಿತು. ಸಾಹೇಬರು ಕಟ್ಟೆಯ ಕೆಳಗೆ ಒಂದು ಸ್ಟೂಲಿನ ಮೇಲೆ, ನಾನು ಹೊಸ್ತಿಲಲ್ಲಿ, ಬಾಯಿ ತಮ್ಮ ಬಾಗಿಲಿಗೆ ಒರಗಿ ನಿಂತು. ಹೀಗೆ ಮೂರು ವರ್ಷ ನಡೆಯಿತು ಆ ಪಂಚಾಯಿತಿ.

ನಾನು ಕತೆ ಓದಿ ನಿಲ್ಲಿಸಿದರೆ ಬಾಯಿ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಆ ದೆವ್ವಕ್ಕ ಏನು ಬೇಕಂತ?"

"ಏನೂ ಇಲ್ಲ ಬಾಯಿ, ಸುಮ್ನ ಹೆದರಸ್ತೈತಿ" ಎಂದು ಸಾಹೇಬರು ಹೇಳಿದರೆ ಆ ಪುಸ್ತಕ ಪಕ್ಕಕ್ಕೆ ಹೋಯಿತು ಎಂದೇ ಲೆಕ್ಕ. "ಸುಮ್ನ ಹಲ್ಲು ಕಿಸಿಯೋ ದೆವ್ವದ ಆಟ ಎರಡು ನಿಮಿಷ. ಏನರ ಕೇಳಾಕ ಬಂದಿದ್ದ ದೆವ್ವ ಆದ್ರ ಹೆಂಗಸರು ಕಡೀತನಕ ಕೂಡ್ತಾರ. ಅವರಿಗೂ ಕೇಳೂದು ಬಾಳ ಇರ್ತೈತಿ."

ಬಾಣಂತಿ ದೆವ್ವದ ಪಿಚ್ಚರುಗಳನ್ನಂತೂ ಅವರು ಮುಟ್ಟಗೊಡುತ್ತಿರಲಿಲ್ಲ. ಹೆರಿಗೆಯಲ್ಲಿ ಸತ್ತ ಹೆಂಗಸು ಕೂದಲು ಹರವಿಕೊಂಡು ತಿರುಗುವ ಒಂದು ಕತೆಯನ್ನು ಸಾಹೇಬರು ಬಹಳ ಆಸೆಯಿಂದ ತಂದಿದ್ದರು. ಮುಂಬೈಯಲ್ಲಿ ಅದು ತಿಂಗಳುಗಟ್ಟಲೆ ಓಡಿತ್ತಂತೆ. ಬಾಯಿಯ ಮುಖ ಕೆಂಪಾಯಿತು.

"ನನ್ನ ಕೈಯಾಗ ಸತ್ತಾರ್ರೀ ಬಾಣಂತ್ಯಾರು. ಒಬ್ಬಾಕೀನೂ ದೆವ್ವ ಆಗಿಲ್ಲ. ಬದುಕಿದ್ದಾಗ ಯಾರ ಮಾತಿಗೂ ಒಲ್ಲೆ ಅನ್ನದಾಕಿ, ಸತ್ತ ಮ್ಯಾಲ ಯಾರಿಗೆ ಕಾಡ್ತಾಳ? ಒಯ್ರಿ ಅದನ್ನ."

ಸಾಹೇಬರು ಒಯ್ದರು.

ಮೊದಲ ವರ್ಷ ಆರಿಸಿದ್ದು ಒಂದು ಅಸ್ಥಿಪಂಜರದ ಪಿಚ್ಚರ್. ಅಮಾವಾಸ್ಯೆಯ ದಿನ ದೀಪ ಹಚ್ಚುವ ಹೊತ್ತಿಗೆ ಮೊದಲ ಆಟ, ಬರೀ ಹೆಂಗಸರಿಗೆ. ಗಂಡಸರು ಹೊರಗೆ ಬಯಲಿನಲ್ಲಿ ಕಂದೀಲು ಹಿಡಿದು ಕಾಯಬೇಕು. "ಬಾಯಿ ಬರ್ತಾರ" ಎಂಬ ಒಂದೇ ಮಾತಿನ ಮೇಲೆ ಅತ್ತೆಯರು ಸೊಸೆಯರನ್ನು ಕಳಿಸಿದರು, ತಾವೂ ಬಂದರು. ಬುರ್ಖಾ ಹಾಕಿದವರು, ಇಳಕಲ್ ಸೀರೆಯವರು, ಹೊಲದಿಂದ ನೇರವಾಗಿ ಬಂದವರು, ಎಲ್ಲ ಒಂದೇ ನೆಲದ ಮೇಲೆ ಕೂತರು. ಅಸ್ಥಿಪಂಜರ ಬಾವಿಯಿಂದ ಎದ್ದು ಬಂದಾಗ ಇಡೀ ತಂಬು ಚೀರಿತು. ಆದರೆ ಅದರ ಕೈಗೆ ಕಟ್ಟಿದ ತಂತಿ ಕಾಣುತ್ತಿತ್ತು. ನಡುವಿನಿಂದ ಒಬ್ಬ ಮುದುಕಿ, "ಅಯ್ಯ, ಅದಕ್ಕ ಒಂದು ರೊಟ್ಟಿ ಕೊಡ್ರೇ ಯಾರರ, ಎಷ್ಟು ಸೊರಗೇತಿ!" ಎಂದು ಕೂಗಿದಳು. ಚೀರಾಟ ನಗುವಾಯಿತು. ನಗು ನಿಲ್ಲುವುದರೊಳಗೆ ಮತ್ತೊಂದು ಚೀರಾಟ.

ನನಗೆ ದೆವ್ವದ ಪಿಚ್ಚರ್ ಎಂದರೆ ಆಗದು. ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದೆ. ನಡುವೆ ಒಮ್ಮೆ ಕಣ್ಣು ತೆರೆದು ಬಾಯಿಯನ್ನು ಹುಡುಕಿದೆ. ಅವರು ತೆರೆಗೆ ಬೆನ್ನು ಮಾಡಿ, ಹೆಂಗಸರ ಕಡೆ ಮುಖ ಮಾಡಿ ಕೂತಿದ್ದರು. ಪಿಚ್ಚರಿನ ಬೆಳಕು ಹೆಂಗಸರ ಮುಖದ ಮೇಲೆ ಬೀಳುತ್ತಿತ್ತು. ಅದನ್ನು ಅವರು ಒಂದೊಂದಾಗಿ ನೋಡುತ್ತಿದ್ದರು.

ಮರುದಿನ ನಾನು ಕೇಳಿದೆ: "ಇಷ್ಟೆಲ್ಲ ಯಾಕೆ ಮಾಡಸ್ತೀರಿ ಬಾಯಿ? ನಿಮಗೇನು ಬರ್ತದ ಇದರಿಂದ?"

ಕೈ ಒರೆಸಿಕೊಂಡು ಹೇಳಿದರು: "ಅಕ್ಕೋರೆ, ನೀವು ಹೆರಿಗಿ ಕ್ವಾಣಿ ಒಳಗ ನಿಂತು ನೋಡಿಲ್ಲ. ಹೆಣ್ಮಗಳು ಸಾಯೋ ಬ್ಯಾನಿ ತಿಂತಿರ್ತಾಳ. ಹೊರಗಿಂದ ಅತ್ತಿ, 'ಚೀರಬ್ಯಾಡ, ಕಟ್ಟಿ ಮ್ಯಾಲ ಗಂಡಸ್ರು ಕುಂತಾರ' ಅಂತಾಳ. ಅಕಿ ಸೆರಗು ಬಾಯಾಗ ತುರುಕ್ಕೊಂತಾಳ. ನಾ ಎಷ್ಟೋ ಸೆರಗು ಬಾಯಿಂದ ಎಳೆದು ತಗದೀನಿ. ಉಸಿರು ಕಟ್ತೈತ್ರಿ. ವರ್ಷಕ್ಕೊಂದು ದಿನ, ಯಾರೂ ಏನೂ ಅನ್ನದಂಗ, ಗಂಟಲು ಬಿಚ್ಚಿ ಚೀರಾಕ ಒಂದು ಜಾಗ ಬ್ಯಾಡೇನು?"

ಎರಡನೆಯ ವರ್ಷದ ಪಿಚ್ಚರ್ ಇನ್ನೂ ಚೆನ್ನಾಗಿ ನಡೆಯಿತು. ಮಸ್ಕಿಯಿಂದ ಬಂಡಿ ಕಟ್ಟಿಕೊಂಡು ಹೆಂಗಸರು ಬಂದರು.

ಮೂರನೆಯ ವರ್ಷದ ತಪ್ಪು ನನ್ನದು. ಅದನ್ನು ಇಷ್ಟು ಕಾಲ ಯಾರಿಗೂ ಹೇಳಿಲ್ಲ, ಬಾಯಿಯೊಬ್ಬರನ್ನು ಬಿಟ್ಟು.

ಆ ಸಲ ಸಾಹೇಬರು ಎರಡು ಪುಸ್ತಕ ತಂದಿದ್ದರು. ಒಂದು ಮಸಣದ ಕತೆ. ಇನ್ನೊಂದರಲ್ಲಿ ಒಂದು ಹಳೆಯ ಹವೇಲಿ. ಅದರಲ್ಲಿ ಸತ್ತ ಯಜಮಾನಿಯ ಆತ್ಮ ತನ್ನ ಒಡವೆ ಕದ್ದವರನ್ನು ಹುಡುಕುತ್ತದೆ. ನನಗೆ ಅವತ್ತು ಪರೀಕ್ಷೆಯ ಪಾಟಿಗಳನ್ನು ತಿದ್ದುವ ಕೆಲಸವಿತ್ತು. ಮೊದಲ ಪುಟದ ಕತೆ ಓದಿದೆ. "ಏನು ಬೇಕಂತ ದೆವ್ವಕ್ಕ?" ಎಂದು ಬಾಯಿ ಕೇಳಿದರು. "ಒಡವಿ" ಎಂದೆ. "ಹಂಗಾರ ಅದು ಇರ್ಲಿ. ಒಡವಿ ಅಂದ್ರ ಎಲ್ಲಾರಿಗೂ ತಿಳೀತೈತಿ" ಎಂದು ಹವೇಲಿಯನ್ನೇ ಆರಿಸಿದರು. "ಹಾಡಿನ್ಯಾಗ ಏನರ ಐತೇನು?" ಎಂದು ಕೇಳಿದರು. ಪ್ರತಿ ವರ್ಷವೂ ನಾನು ಹಾಡುಗಳ ಮೇಲೆ ಕಣ್ಣಾಡಿಸಿ ಹೇಳುತ್ತಿದ್ದೆ. ಅವತ್ತು ಪುಟ ತಿರುವದೆ, "ಏನಿಲ್ಲ, ಯಾವಾಗಿನಂಗ ಹಾಡು" ಎಂದುಬಿಟ್ಟೆ.

ಅಮಾವಾಸ್ಯೆಯ ಸಂಜೆ ಪಿಚ್ಚರ್ ನಡುವಿಗೆ ಬಂದಾಗ ತೆರೆಯ ಮೇಲೆ ಒಂದು ಖಾಲಿ ತೊಟ್ಟಿಲು ತಾನಾಗಿ ತೂಗತೊಡಗಿತು. ಯಜಮಾನಿಯ ಆತ್ಮ ಜೋಗುಳ ಹಾಡಿತು. ಹಾಡು ನಿಂತ ಮೇಲೆ ಒಂದು ಕೂಸು ಅಳುವ ಸದ್ದು. ಕೂಸು ಕಾಣುವುದಿಲ್ಲ, ಅಳು ಮಾತ್ರ, ಬಹಳ ಹೊತ್ತು. ತಂಬಿನಲ್ಲಿ ಯಾರೂ ಚೀರಲಿಲ್ಲ. ಆ ನಿಶ್ಶಬ್ದದಲ್ಲಿ ಒಬ್ಬಳು ಎದ್ದು ನಿಂತಳು. ಅರಿವೆ ಅಂಗಡಿಯವರ ಮನೆಯ ಸಣ್ಣ ಸೊಸೆ. ಕೂತವರನ್ನು ತುಳಿದುಕೊಂಡು ತೆರೆಯ ಕಡೆ ನಡೆದಳು, ಎರಡೂ ಕೈ ಮುಂದೆ ಚಾಚಿ. "ಎತ್ತಿಕೊಳ್ರೇ ಯಾರರ, ಅಳಾಕತ್ತೈತಿ" ಎಂದಳು. ತೆರೆ ಮುಟ್ಟುವ ಮೊದಲೇ ಬಿದ್ದಳು.

ಬಾಯಿ ಓಡಿದರು. ಆದರೆ ಮನೆಯವರು ಬಂದು ಆಕೆಯನ್ನು ಎತ್ತಿಕೊಂಡು ಹೋದರು.

ಬಯಲಿನಿಂದ ಮನೆಗೆ ಬರುವಾಗ ಬಾಯಿ ನನಗೆ ಹೇಳಿದ್ದು ಇಷ್ಟು: ಆ ಸೊಸೆಗೆ ಬೇಸಿಗೆಯಲ್ಲಿ ಚೊಚ್ಚಲ ಹೆರಿಗೆ ಆಗಿತ್ತು. ಮಾಡಿಸಿದವರು ಇವರೇ. ಕೂಸು ಸತ್ತೇ ಹುಟ್ಟಿತ್ತು. ಅತ್ತೆ ಅದನ್ನು ಹಳೆಯ ಧೋತ್ರದಲ್ಲಿ ಸುತ್ತಿಸಿ ಆಗಲೇ ಮಣ್ಣಿಗೆ ಕಳಿಸಿಬಿಟ್ಟಿದ್ದಳು. ತಾಯಿಗೆ ತೋರಿಸಿರಲಿಲ್ಲ. ಗಂಡೋ ಹೆಣ್ಣೋ ಎಂದು ಸಹ ಹೇಳಿರಲಿಲ್ಲ. ಆ ಮನೆಯಲ್ಲಿ ಆಮೇಲೆ ಅದರ ಮಾತೇ ಎತ್ತಬಾರದೆಂದು ಕಟ್ಟಪ್ಪಣೆಯಾಗಿತ್ತು.

ನಾನು ಮನೆಗೆ ಬಂದು ಪುಸ್ತಕ ತೆಗೆದೆ. ಹಾಡುಗಳಲ್ಲಿ ಮೂರನೆಯದು ಜೋಗುಳ. ಅದರ ಮೇಲೆಯೇ ಅಚ್ಚಾಗಿತ್ತು: ಸತ್ತ ತಾಯಿ ಸತ್ತ ಕೂಸಿಗೆ ಹಾಡುವುದು.

ಮರುದಿನ ಬೆಳಿಗ್ಗೆ ಓಣಿಯಲ್ಲೆಲ್ಲ ಸುದ್ದಿ. ಅರಿವೆ ಅಂಗಡಿಯವರ ಸೊಸೆಗೆ ತಂಬಿನ ದೆವ್ವ ಬಡಿದಿದೆ, ಬಿಡಿಸುವವನು ಬಂದಿದ್ದಾನೆ ಎಂದು. ಬಾಯಿ ದವಾಖಾನೆಗೆ ಹೋಗದೆ ಆ ಮನೆಯ ದಾರಿ ಹಿಡಿದರು. ನಾನು ಹಿಂದೆಯೇ ಹೋದೆ. ಆ ಮನೆಯ ಹೆರಿಗೆಗಳಿಗೆ ಬಾಯಿಯನ್ನು ಹಿತ್ತಲಿನ ಬಾಗಿಲಿನಿಂದ ಕರೆಸುತ್ತಿದ್ದರು, ಹಾಗೆಯೇ ಕಳಿಸುತ್ತಿದ್ದರು. ಅವತ್ತು ಅವರು ಮುಂಬಾಗಿಲಿನಿಂದ, ಕಟ್ಟೆಯ ಮೇಲೆ ಕೂತಿದ್ದ ಗಂಡಸರ ನಡುವಿನಿಂದ ಒಳಗೆ ನಡೆದರು. ಯಾರಿಗೂ ತಡೆಯಲು ತೋಚಲಿಲ್ಲ.

ಪಡಸಾಲೆಯ ತುಂಬ ಮೆಣಸಿನಕಾಯಿ ಹೊಗೆ. ಆ ಹುಡುಗಿಯನ್ನು ಕಂಬಕ್ಕೆ ಒರಗಿಸಿ ಕೂಡಿಸಿದ್ದರು. ಬೇವಿನ ಟೊಂಗೆ ಹಿಡಿದ ಒಬ್ಬ ಮನುಷ್ಯ ಎದುರಿಗೆ ಕೂತು ಕೇಳುತ್ತಿದ್ದ:

"ಯಾರು ನೀ? ಯಾವ ಊರು? ಹೆಸರು ಹೇಳು!"

"ಕೂಸು ಅಳಾಕತ್ತೈತಿ" ಎಂದಳು ಆಕೆ. ದನಿ ಒಡೆದುಹೋಗಿತ್ತು. ತೋಳಿನ ಮೇಲೆ ಬೇವಿನ ಬರೆಗಳಿದ್ದವು.

ಅತ್ತೆ ಬಾಯಿಯನ್ನು ಕಂಡವಳೇ ಮುಂದೆ ಬಂದಳು. "ಆ ಪಿಚ್ಚರ್ ಆರಿಸಿದಾಕಿ ನೀನಂತಲ್ಲ? ನೋಡು, ನಮ್ಮ ಮನೀಗೆ ಏನು ತಂದು ಹಾಕಿದಿ!"

"ಹೌದ್ರಿ. ಆರಿಸಿದಾಕಿ ನಾನ" ಎಂದರು ಬಾಯಿ. "ನಂದ ತಪ್ಪು."

ನಾನು ಬಾಗಿಲಲ್ಲಿ ನಿಂತಿದ್ದೆ. ನಾನು ತುಟಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ.

ಬಾಯಿ ಮೂಲೆಯಲ್ಲಿದ್ದ ಕೊಡದಿಂದ ನೀರು ತೆಗೆದು ಹೊಗೆಯ ಬೋಗುಣಿಗೆ ಸುರಿದರು. ಅವರು ಕೊಡ ಮುಟ್ಟಿದ್ದಕ್ಕೆ ಯಾರೋ 'ಅಯ್ಯೋ' ಎಂದರು. ಟೊಂಗೆಯವನಿಗೆ, "ಸರೀ ಅತ್ತಾಗ" ಎಂದರು. ಅವನು ಸರಿದ. ಅವನ ಹೆಂಡತಿಯ ಹೆರಿಗೆಯನ್ನೂ ಇವರೇ ಮಾಡಿಸಿದ್ದರೆಂದು ಆಮೇಲೆ ತಿಳಿಯಿತು. ಬಾಯಿ ಹುಡುಗಿಯ ಎದುರಿಗೆ ಕೂತರು.

"ಯವ್ವಾ, ನನ್ನ ಕಡೆ ನೋಡು. ನಾ ಯಾರು?"

"ಬಾಯಿ."

"ನಿನ್ನ ಹೆರಿಗಿ ಯಾರು ಮಾಡಿದ್ರು?"

"ನೀವ."

"ಹಂಗಾರ ನಾ ಹೇಳೂದು ಕೇಳು. ನಿನಗ ಹೆಣ್ಣು ಕೂಸು ಹುಟ್ಟಿತ್ತು."

ಅತ್ತೆ, "ಏ, ಅದನ್ಯಾಕ ಈಗ" ಎಂದಳು. ಬಾಯಿ ತಿರುಗಿ ಸಹ ನೋಡಲಿಲ್ಲ.

"ತಲಿ ತುಂಬ ಕೂದ್ಲ ಇತ್ತು. ಕಿವಿ ನಿನ್ನಂಗ, ಸಣ್ಣವು. ಎಡಗೈ ಮುಷ್ಟಿ ಬಿಗಿ ಹಿಡಿದಿತ್ತು, ನಾನ ಬಿಡಿಸಿ ಒರಸಿದೆ. ಉಗುರು ಬಂದಿದ್ವು. ಬೆಚ್ಚನ ನೀರಿನ್ಯಾಗ ಎರದೀನಿ ಅದಕ್ಕ. ಹಂಗ ಕಳಿಸಿಲ್ಲ."

ಹುಡುಗಿ ಬಾಯಿಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು: "ಅತ್ತಿತ್ತೇನ್ರೀ?"

"ಇಲ್ಲ ಬೇ. ಒಂದು ಸಲಾನೂ ಅಳಲಿಲ್ಲ. ನಾ ಬೆನ್ನು ತಟ್ಟಿದೆ, ಕಾಲು ಹಿಡಿದು ಎತ್ತಿದೆ, ಬಾಯಾಗ ಉಸಿರು ಊದಿದೆ. ಅಳಲಿಲ್ಲ. ನಿನ್ನೆ ಅತ್ತದ್ದು ಪಿಚ್ಚರಿನ ಕೂಸು. ನಿನ್ನದಲ್ಲ. ನಿನ್ನ ಕೂಸಿಗೆ ಯಾವ ಬ್ಯಾನೀನೂ ಇದ್ದಿಲ್ಲ."

ಆಗ ಆಕೆ ಅತ್ತಳು. ಅಳು ಎಂದರೆ ಸಾಲದು. ಹೊಟ್ಟೆಯ ತಳದಿಂದ ಕಿತ್ತು ಬಂದ ಕೂಗು ಅದು. ಹೊರಗೆ ಕಟ್ಟೆಯ ಮೇಲಿದ್ದ ಗಂಡಸರು ಎದ್ದು ನಿಂತರು. ಅತ್ತೆ ಗಾಬರಿಯಿಂದ ಬಂದು ಸೊಸೆಯ ಬಾಯಿಗೆ ಅಂಗೈ ಒತ್ತಲು ಹೋದಳು. ಬಾಯಿ ಆ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದರು. ಹಿಡಿದು, ಹುಡುಗಿಯ ಅಳು ತಾನಾಗಿ ಇಳಿಯುವವರೆಗೂ ಬಿಡಲಿಲ್ಲ.

ವಾಪಸು ಬರುವ ದಾರಿಯಲ್ಲಿ ನಾನು ಹೇಳಿದೆ. ಜೋಗುಳದ ವಿಷಯ ಪುಸ್ತಕದಲ್ಲಿತ್ತು, ನಾನು ಪುಟ ತಿರುವಲಿಲ್ಲ ಎಂದು. ಬಾಯಿ ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ನಿಂತು ನನ್ನನ್ನು ನೋಡಿದರು.

"ಓದಬೇಕಿತ್ತು ನೀವು" ಎಂದರು. ಮುಂದೆ ನಡೆದರು. ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ.

ಅರಿವೆ ಅಂಗಡಿಯವರು ದೂರು ಕೊಟ್ಟರು. ಪಿಚ್ಚರಿನ ಮೇಲಲ್ಲ. ಕೇರಿಯವಳು ಮುಂಬಾಗಿಲಿನಿಂದ ನುಗ್ಗಿ, ಕೊಡ ಮುಟ್ಟಿ, ಮನೆಯ ಹಿರಿಯಳ ಕೈ ಹಿಡಿದಳು ಎಂದು. ದವಾಖಾನೆಯಿಂದ ಬಾಯಿಗೆ ಜವಾಬು ಕೇಳಿ ಕಾಗದ ಬಂತು. ಉರ್ದುವಿನಲ್ಲಿ ಬರೆದು ಕೊಡಬೇಕಿತ್ತು. ಒಂಬತ್ತನೆಯ ದಿನ ಬಾಯಿ ಆ ಕಾಗದ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಆಗ ನನ್ನ ತಾಯಿ, ನಾನು ಹೇಳದೆಯೇ, ಒಳಗಿನ ಚಾಪೆ ತಂದು ಹಾಸಿ, ಕುಡಿಯಲು ನಮ್ಮ ಲೋಟದಲ್ಲೇ ನೀರು ತಂದಿಟ್ಟಳು. ಬಾಯಿ ಕೂತರು, ಕುಡಿದರು.

ಅವರು ಹೇಳಿದಂತೆ ಬರೆಯುತ್ತ ಹೋದೆ. ನಡುವೆ ನಾನೇ ಒಂದು ಸಾಲು ಸೇರಿಸಿದೆ: ಪುಸ್ತಕ ಓದಿ ಹೇಳಿದವರು ಶಾಲೆಯ ಶಿಕ್ಷಕಿ, ಸರಿಯಾಗಿ ಓದದೆ ಇದ್ದದ್ದರಿಂದ ಹೀಗಾಯಿತು ಎಂದು. ಬರೆದದ್ದನ್ನು ಓದಿ ತೋರಿಸಿದಾಗ ಬಾಯಿ ಕೈ ಚಾಚಿ ಕಾಗದ ತೆಗೆದುಕೊಂಡು ನಾಲ್ಕು ಚೂರು ಮಾಡಿದರು.

"ನಿಮ್ಮ ತಪ್ಪು ನಿಮ್ಮ ಹತ್ತರ ಇರ್ಲಿ ಅಕ್ಕೋರೆ. ಇದು ನನ್ನ ಜವಾಬು. ಹೊಸಾ ಕಾಗದ ತಗೀರಿ."

ಹೊಸ ಕಾಗದದಲ್ಲಿ ಅವರು ಬರೆಸಿದ್ದು ಮೂರೇ ಸಾಲು. ಮುಂಬಾಗಿಲಿನಿಂದ ಹೋದದ್ದು ನಿಜ. ಕೊಡ ಮುಟ್ಟಿದ್ದು ನಿಜ. ಕೈ ಹಿಡಿದದ್ದೂ ನಿಜ, ಅಂಥ ಹೊತ್ತು ಮತ್ತೆ ಬಂದರೆ ಮತ್ತೆ ಹಿಡಿಯುತ್ತೇನೆ. ತಿಂಗಳೊಳಗೆ ಅವರನ್ನು ಸಿಂಧನೂರಿಗೆ ವರ್ಗ ಮಾಡಿದರು. ಲಿಂಗಸುಗೂರಿನಲ್ಲಿ ಅಮಾವಾಸ್ಯೆಯ ಹೆಂಗಸರ ಆಟ ಅಲ್ಲಿಗೆ ನಿಂತಿತು.

ಆ ಸೊಸೆ ಚೇತರಿಸಿಕೊಂಡಳು. ಮರುವರ್ಷದ ಮಹಾನವಮಿ ಅಮಾವಾಸ್ಯೆಗೆ ಅವರ ಮನೆಯಲ್ಲಿ ಹಿರಿಯರ ಎಡೆಗಳ ಪಕ್ಕದಲ್ಲಿ ಒಂದು ಸಣ್ಣ ಎಡೆ ಇಟ್ಟಿದ್ದರಂತೆ, ಒಂದು ಬಟ್ಟಲು ಹಾಲು ಮತ್ತು ಅಂಗೈಯಷ್ಟು ಕುಲಾವಿ ಟೊಪ್ಪಿಗೆ. ಅತ್ತೆ ಬೇಡ ಎನ್ನಲಿಲ್ಲವಂತೆ. ಅದಾದ ಮೇಲೆ ಆಕೆಗೆ ಇಬ್ಬರು ಮಕ್ಕಳಾದರು.

ಯುದ್ಧದ ಕಾಲದಲ್ಲಿ, ಇದ್ದಲಿನ ಗ್ಯಾಸಿನಿಂದ ಓಡುವ ಮೋಟಾರಿನಲ್ಲಿ ಕೂತು, ಒಮ್ಮೆ ಸಿಂಧನೂರಿಗೆ ಹೋದೆ. ಮಸ್ಕಿ ದಾಟುವುದರೊಳಗೆ ಮುಖವೆಲ್ಲ ಮಸಿಯಾಗಿತ್ತು. ಬಾಯಿ ದವಾಖಾನೆಯ ಹಿಂದಿನ ಕೋಣೆಯಲ್ಲಿದ್ದರು. ಕೂದಲು ಬೆಳ್ಳಗಾಗಿತ್ತು, ತೋಳು ಹಾಗೆಯೇ ಮಡಚಿತ್ತು. ಅಮಾವಾಸ್ಯೆಗೆ ಐದು ದಿನವಿತ್ತು. ಮಾತಾಡುತ್ತ ಕೂತಿದ್ದಾಗ ಬಾಗಿಲಲ್ಲಿ ಅತ್ತರಿನ ವಾಸನೆ. ತಂಬು ಸಾಹೇಬರು! ಈಗ ಅವರು ತಂಬು ಬಿಟ್ಟು ಸಿಂಧನೂರಿನಲ್ಲಿ ಒಂದು ತಗಡಿನ ಶೆಡ್ಡು ಹಾಕಿದ್ದರು. ಕೈಯಲ್ಲಿ ಹಾಡಿನ ಪುಸ್ತಕ.

"ಪುಸ್ತಕ ಬ್ಯಾಡ್ರಿ ಸಾಹೇಬ್ರ" ಎಂದರು ಬಾಯಿ. "ಪೂರಾ ಪಿಚ್ಚರ್ ನನಗ ತೋರಸ್ರಿ. ನೋಡಿ ಹೇಳ್ತೀನಿ."

"ಬಾಯಿ, ಎಂಜಿನ್ನಿಗೆ ಎಣ್ಣಿ ಸಿಗವಲ್ದು. ನಿಮಗೊಬ್ರಿಗೆ ಹೆಂಗ ಪೂರಾ ಓಡಸ್ಲಿ?"

"ಹಂಗಾರ ನನ್ನ ಕೇಳಬ್ಯಾಡ್ರಿ."

ಸಾಹೇಬರು ಪುಸ್ತಕ ಮಡಚಿ ಜೇಬಿಗಿಟ್ಟರು. "ಚಲೋ" ಎಂದರು.

ಮಧ್ಯಾಹ್ನ ಶೆಡ್ಡಿನ ಸಂದುಗಳಿಗೆಲ್ಲ ಗೋಣಿಚೀಲ ತುರುಕಿ ಪಿಚ್ಚರ್ ಹಚ್ಚಿದರು. ಆದರೂ ಬೆಳಕು ಒಳಗೆ ಬರುತ್ತಿತ್ತು. ತೆರೆಯ ಮೇಲಿನ ಜನ ನೀರಿನಲ್ಲಿ ತೊಳೆದಂತೆ ಬಿಳುಚಿಕೊಂಡಿದ್ದರು. ಖಾಲಿ ನೆಲದ ನಟ್ಟನಡುವೆ ಬಾಯಿ ಕಾಲು ಚಾಚಿ ಕೂತರು, ನಾನು ಪಕ್ಕದಲ್ಲಿ. ಹಿಂದೆ ಯಂತ್ರದ ಹತ್ತಿರ ಸಾಹೇಬರು ಮತ್ತು ಯಂತ್ರ ನಡೆಸುವವನು.

ಹತ್ತು ನಿಮಿಷವಾಗಿರಬೇಕು. ದೆವ್ವ ಇನ್ನೂ ಬಂದೇ ಇರಲಿಲ್ಲ. ತೆರೆಯ ಮೇಲೆ ಒಬ್ಬ ಹೆಂಗಸು ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು, ಅಷ್ಟೆ. ಬಾಯಿ ಚೀರಿದರು. ನಾನು ಬೆಚ್ಚಿಬಿದ್ದು ಅವರ ಕೈ ಹಿಡಿದೆ. ಉಸಿರು ತೆಗೆದುಕೊಂಡು ಮತ್ತೊಮ್ಮೆ ಚೀರಿದರು. ತಗಡಿನ ಗೋಡೆಗಳು ಝಲ್ಲೆಂದವು. ಯಂತ್ರದವನು ಎದ್ದು ಹೊರಗೆ ಓಡಿದ. ಸಾಹೇಬರು, "ಕ್ಯಾ ಹುವಾ ಬಾಯಿ? ಏನ್ ಆತು?" ಎನ್ನುತ್ತ ಬಂದರು.

"ಏನಿಲ್ರಿ. ನಡಸ್ರಿ" ಎಂದರು ಬಾಯಿ.

ನಾನು ಮೆಲ್ಲಗೆ, "ಅಲ್ಲಿ ಅಂಜಿಕೆ ಆಗೂದು ಏನಿತ್ತು ಬಾಯಿ?" ಎಂದೆ.

"ಏನೂ ಇದ್ದಿಲ್ಲ" ಎಂದರು. ಅವರ ಹಣೆಯ ಮೇಲೆ ಬೆವರಿತ್ತು, ಮುಖ ಹಗುರಾಗಿತ್ತು. "ಚೀರಾಕ ಜಾಗ ಖಾಲಿ ಇತ್ತು."

ಪಿಚ್ಚರ್ ಪೂರ್ತಿ ನೋಡಿದರು, ಕೊನೆಯ ಬಿಳಿ ತೆರೆ ಬರುವವರೆಗೂ ಕಣ್ಣು ತೆಗೆಯದೆ. ಎದ್ದು ಸೀರೆಯ ಧೂಳು ಕೊಡವಿ, "ಇದು ನಡೀತೈತಿ, ಹಾಕ್ರಿ" ಎಂದು ಸಾಹೇಬರಿಗೆ ಹೇಳಿದರು. ಶೆಡ್ಡಿನ ಬಾಗಿಲಲ್ಲಿ ವಳಕಮದಿನ್ನಿ ಊರಿನ ಬಂಡಿಯೊಂದು ಬಂದು ನಿಂತಿತ್ತು. ಯಾವುದೋ ಮನೆಯ ಸೊಸೆಗೆ ಬೇನೆ ಶುರುವಾಗಿತ್ತು. ಬಾಯಿ ಬಿಸಿಲಿಗೆ ಒಮ್ಮೆ ಕಣ್ಣು ಕಿರಿದು ಮಾಡಿ, ಬಂಡಿಯ ಹಿಂಬದಿಯ ಹಲಗೆ ಹಿಡಿದು ಹತ್ತಿ ಕೂತರು.